ನಾನು ಅಂದ್ರೆ ಯಾರು?

ಅವರಿಗೆ ಮೂರು ಹೆಸರಿದ್ದವು. ಮೂರರಲ್ಲಿ ಒಂದನ್ನೂ ನಾನಿಲ್ಲಿ ಬರೆಯುವುದಿಲ್ಲ. ಒಂದನ್ನು ಬರೆದರೆ ಉಳಿದೆರಡು ಮುನಿಸಿಕೊಳ್ಳುತ್ತವೆ ಎಂದು ಅವರೇ ಒಮ್ಮೆ ತಮಾಷೆ ಮಾಡಿದ್ದರು. ತವರಿನಲ್ಲಿ ಅಜ್ಜಿಯ ಹೆಸರಿಟ್ಟಿದ್ದರಂತೆ. ಮದುವೆಯ ದಿನ ಧಾರವಾಡದ ಕಡೆಯ ಗಂಡನ ಮನೆಯವರು ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಬರೆಸಿ, ಇನ್ನೊಂದು ಹೆಸರು ಕೊಟ್ಟರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದಾಗ ಅಲ್ಲಿನವರು ಇವೆರಡನ್ನೂ ಬದಿಗಿಟ್ಟು ಬರೀ ಇನಿಷಿಯಲ್‌ಗಳಲ್ಲಿ ಕರೆಯತೊಡಗಿದರು. ಫೋನ್ ಬಂದಾಗ ಆ ಕಡೆಯವರು ಯಾವ ಹೆಸರು ಹಿಡಿದು ಕರೆದರು ಎಂಬುದರ ಮೇಲೆ ಇವರ ದನಿ ಬದಲಾಗುತ್ತಿತ್ತು. ತವರಿನ ಹೆಸರಾದರೆ ಮಾತಿಗೆ ತುಸು ರಾಗ ಬರುತ್ತಿತ್ತು, ಗಂಡನ ಮನೆಯ ಹೆಸರಾದರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತಿತ್ತು, ಕಾರ್ಖಾನೆಯವರಾದರೆ ಮೊದಲು ನಗು, ಆಮೇಲೆ ಮಾತು. ಆಫೀಸಿನಲ್ಲಿ ನಾವು ಮೇಡಂ ಎನ್ನುತ್ತಿದ್ದೆವು. ಅದನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ಮೇಡಂ ಅನ್ನೋದು ಹೆಸರಲ್ಲ ಕಣೇ, ಕಾಲಿಂಗ್ ಬೆಲ್ಲು. ಯಾರು ಒತ್ತಿದ್ರೂ ಒಂದೇ ಥರ ಹೊಡ್ಕೊಳ್ಳುತ್ತೆ" ಎನ್ನುತ್ತಿದ್ದರು.

ಹೋದ ತಿಂಗಳು ಅವರು ಕಟ್ಟಿದ ಸಾಫ್ಟ್‌ವೇರನ್ನು ನಿಲ್ಲಿಸಿದೆವು. ಹಳೆಯದಾಗಿತ್ತು, ನಿಲ್ಲಿಸಲೇಬೇಕಿತ್ತು, ಅದಕ್ಕಾಗಿ ನನಗೇನೂ ಬೇಸರವಿಲ್ಲ. ಆದರೆ ಅದರ ಕೊನೆಯ ಎರಡು ಬಾಗಿಲು, ಅಂದರೆ ಎರಡು ವೆಬ್ ವಿಳಾಸ, ಮುಚ್ಚುವಾಗ ನಡೆದದ್ದನ್ನು ಅವರಿಗೆ ಹೇಳದೆ ಇರಲಾಗಲಿಲ್ಲ. ಅದಕ್ಕೂ ಮುಂಚೆ ಅವರು ಎಂಥವರು ಎಂದು ನಿಮಗೆ ಹೇಳಬೇಕು.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನನ್ನ ಜೊತೆ ಓದಿದವರೆಲ್ಲ ವೈಟ್‌ಫೀಲ್ಡ್ ಕಡೆ ಮುಖ ಮಾಡಿದ್ದಾಗ ನಾನು ಕಾಡುಗೋಡಿಯ ಬಾಡಿಗೆ ಕೋಣೆ ಖಾಲಿ ಮಾಡಿ ಜಾಲಹಳ್ಳಿಗೆ ಬಂದೆ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯಲ್ಲಿ ಕೂತು ಕೂತು ನನ್ನ ಕೈಯಿಂದ ಒಂದು ಬಟನ್ನಿನ ಬಣ್ಣ ಬದಲಾಗಿತ್ತು, ಅಷ್ಟೇ. ಇಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಪುಟ್ಟ ಆಫೀಸು. ಕೆಳಗೆ ಖಾರಾ ಬನ್ ಬೆಂದ ವಾಸನೆ ಮೆಟ್ಟಿಲು ಹತ್ತಿ ಬಂತೆಂದರೆ ಎಲ್ಲರ ಕೈಯೂ ಕೀಬೋರ್ಡ್ ಬಿಟ್ಟು ಏಳುತ್ತಿತ್ತು. ಮೊದಲ ದಿನ ಹೋಗಿ ನಿಂತಾಗ ಕಾಟನ್ ಸೀರೆ ಉಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದ್ದ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿಂದ ಬಂದೆ?"

"ಕಾಡುಗೋಡಿಯಿಂದ, ಮೇಡಂ."

"ಬೆಂಗಳೂರನ್ನ ಉಲ್ಟಾ ದಾಟಿದೀಯಲ್ಲೇ. ಇರ್ಲಿ ಬಿಡು, ಈ ಕಡೆ ಬರೋ ಬಸ್ಸಲ್ಲಿ ಸೀಟಾದ್ರೂ ಸಿಗುತ್ತೆ."

ಸೀರೆಗೆ ಶೂ ಹಾಕುವುದು ಕಾರ್ಖಾನೆಯ ಅಭ್ಯಾಸ. ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದಮೇಲೂ ಬಿಟ್ಟಿರಲಿಲ್ಲ. ಇನ್ನೊಂದು ಅಭ್ಯಾಸವೆಂದರೆ ಉದ್ದನೆಯ ಸ್ಟೀಲ್ ಸ್ಕೇಲು. ನಮ್ಮ ಪ್ರೋಗ್ರಾಂ ನೋಡುವಾಗ ಅದರ ತುದಿಯಿಂದಲೇ ತೋರಿಸುತ್ತಿದ್ದರು. ನಾವು ಅಪ್ಪಿತಪ್ಪಿ ಸ್ಕ್ರೀನಿಗೆ ಬೆರಳು ತಾಗಿಸಿದರೆ ಬೆರಳಿಗೆ ಒಂದು ಸಣ್ಣ ಏಟು. ಬಾಸ್ ಎಂದರೆ ಮೇಡಂ ಅವರ ಹಳೆಯ ಸಹೋದ್ಯೋಗಿಯ ಮಗ. ಅವನ ಬೆರಳಿಗೂ ರಿಯಾಯಿತಿ ಇರಲಿಲ್ಲ. ಪ್ರೋಗ್ರಾಂ ವಿಷಯದಲ್ಲಿ ಆಫೀಸಿನಲ್ಲಿ ಅವರ ಮಾತೇ ಕೊನೆಯದು, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು ಕೂಡ. ವಿನಯವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಒಳ್ಳೆಯ ಪ್ರೋಗ್ರಾಂ ಬರೆದ ದಿನ ತಾವೇ ತಮ್ಮ ಬೆನ್ನು ತಟ್ಟಿಕೊಂಡು ಎಲ್ಲರಿಗೂ ಬನ್ ತರಿಸುತ್ತಿದ್ದರು.

ಆಗ ನಮ್ಮ ಗಿರಾಕಿಗಳೆಲ್ಲ ಛತ್ರದವರು. ಜಾಲಹಳ್ಳಿಯಿಂದ ಚಿಕ್ಕಬಾಣಾವರದ ತನಕ ಹೊಲವಿದ್ದ ಕಡೆಯೆಲ್ಲ ಕಲ್ಯಾಣ ಮಂಟಪಗಳು ಎದ್ದಿದ್ದವು. ರಾಗಿ ಬೆಳೆಯುತ್ತಿದ್ದ ಮನೆತನಗಳೇ ಈಗ ಅವುಗಳ ಮಾಲೀಕರು. ಒಬ್ಬೊಬ್ಬರಿಗೂ ತಮ್ಮ ಛತ್ರದ ಹೆಸರಿನದೇ ವೆಬ್‌ಸೈಟ್ ಬೇಕು. ಅದರಲ್ಲಿ ಫೋಟೋ ಇರಬೇಕು, ಯಾವ ದಿನ ಖಾಲಿ ಇದೆ ಎಂದು ಕಾಣಬೇಕು, ಅಲ್ಲೇ ಬುಕ್ ಆಗಬೇಕು. ಒಂದು ಸಾಫ್ಟ್‌ವೇರ್ ಮಾಡಿ, ಹೆಸರು ತಿದ್ದಿ ತಿದ್ದಿ ಎಲ್ಲರಿಗೂ ಒಂದೊಂದು ನಕಲು ಕೊಟ್ಟರಾಯಿತು ಎಂದು ಬಾಸ್ ಹೇಳಿದ. ಮೇಡಂ ಮೂಗು ಮುರಿದರು.

"ಇವತ್ತಿಗೆ ಅದು ಸುಲಭ ಕಣಪ್ಪ. ನಾಳೆ ಒಂದು ಕಡೆ ತಪ್ಪು ಸಿಕ್ಕಿದ್ರೆ ಎಲ್ಲಾ ನಕಲನ್ನೂ ಹುಡುಕ್ಕೊಂಡು ಹೋಗಿ ಸರಿ ಮಾಡ್ತೀಯಾ? ನಂಗಂತೂ ಮಂಡಿ ನೋವು, ನಾನು ಹೋಗಲ್ಲ."

ಆಮೇಲೆ ಬಿಳಿ ಬೋರ್ಡಿನ ಮೇಲೆ ಒಂದು ಒಲೆ ಬರೆದು, ಅದರ ಸುತ್ತ ಬಾಗಿಲುಗಳನ್ನು ಬರೆದರು. "ಛತ್ರದಲ್ಲಿ ಅಡುಗೆಮನೆ ಒಂದೇ. ಕೆಳಗಿನ ಹಾಲಲ್ಲೂ ಬಡಿಸ್ತಾರೆ, ಮೇಲಿನ ಹಾಲಲ್ಲೂ ಬಡಿಸ್ತಾರೆ. ಸಾರು ಒಂದೇ ಕೊಳಗದ್ದು. ನಾವೂ ಹಂಗೇ ಮಾಡೋದು. ಸಾಫ್ಟ್‌ವೇರ್ ಒಂದೇ, ಬಾಗಿಲು ಬೇರೆ ಬೇರೆ."

ಹೇಗೆ ಎಂದು ನಾನು ಕೇಳಿದೆ. ಅವರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ಇಂಟರ್‌ನೆಟ್ಟಿನಲ್ಲಿ ಬರುವವನು ತಾನು ಯಾವ ವಿಳಾಸ ಟೈಪ್ ಮಾಡಿದೆನೋ ಆ ಹೆಸರನ್ನು ಜೊತೆಗೇ ತಂದಿರುತ್ತಾನೆ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವವನ ಹಾಗೆ. "ಯಾವ ಹೆಸರು ಹಿಡಿದು ಕೂಗಿದ್ರು ಅಂತ ಕೇಳಿಸ್ಕೋ. ಆ ಹೆಸರಿನವರ ಫೋಟೋ, ಆ ಹೆಸರಿನವರ ಫೋನ್ ನಂಬರ್, ಆ ಹೆಸರಿನವರ ತಾರೀಖು ತೋರಿಸು. ನಾನು ಹುಟ್ಟಿದಾಗಿಂದ ಮಾಡ್ತಿರೋದು ಅದೇ ಕೆಲಸ" ಎಂದು ನಕ್ಕರು.

ಅಂದಿನಿಂದ ನಮ್ಮಲ್ಲಿ ಗಿರಾಕಿ ಎಂಬ ಮಾತೇ ಹೋಯಿತು. ಒಂದೊಂದು ವಿಳಾಸವೂ ಒಂದೊಂದು ಮನೆ. ಆ ಮನೆಯವರಿಗೆ ಫೋಟೋ ಬದಲಾಗಬೇಕಂತೆ, ಈ ಮನೆಯವರು ಊಟದ ಹಾಲ್ ಕಟ್ಟಿಸಿದರಂತೆ, ಹೀಗೆ. ತಾವೆಲ್ಲ ಒಂದೇ ಸೂರಿನಡಿ ಇದ್ದೇವೆಂಬುದು ಮಾತ್ರ ಆ ಮನೆಯವರಿಗೆ ಗೊತ್ತಿರಲಿಲ್ಲ. ಒಬ್ಬ ಮಾಲೀಕರು ಬಂದು, ಪಕ್ಕದ ಛತ್ರದ ವೆಬ್‌ಸೈಟಿಗಿಂತ ತಮ್ಮದೇ ಬೇಗ ತೆರೆಯುತ್ತದೆಂದು ಹೆಮ್ಮೆಯಿಂದ ಹೇಳಿದಾಗ ಮೇಡಂ ಗಂಭೀರವಾಗಿ ತಲೆಯಾಡಿಸಿ, "ನಿಮ್ಮದು ಬೇರೇನೇ ಬಿಡಿ ಸಾರ್" ಎಂದರು. ಅವರು ಮೆಟ್ಟಿಲಿಳಿಯುವ ತನಕ ನಾವು ಉಸಿರು ಹಿಡಿದು ಕೂತಿದ್ದೆವು.

ಫೋನಿನಲ್ಲಿ ಅವರದು ಬೇರೆಯೇ ಶಿಸ್ತು. ನಮ್ಮ ಕಡೆ ಜನ ಫೋನ್ ಮಾಡಿದರೆ ಹೆಸರು ಹೇಳುವುದಿಲ್ಲ. "ಹಲೋ, ನಾನು" ಎನ್ನುತ್ತಾರೆ. ಗುರುತು ಹಿಡಿಯದಿದ್ದರೆ ಅದು ಕೇಳಿಸಿಕೊಂಡವರ ತಪ್ಪು. ಛತ್ರದವರೂ ಹಾಗೇ. ನಾವಾದರೆ ದನಿಯ ಮೇಲೆ ಊಹಿಸಿ ಹೂಂಗುಟ್ಟುತ್ತಿದ್ದೆವು, ಯಾವ ಮನೆಯೆಂದು ತಿಳಿಯದೆ ಯಾವುದೋ ಮನೆಯ ಫೋಟೋ ಬದಲಾಯಿಸುತ್ತಿದ್ದೆವು. ಮೇಡಂ ಬಿಡುತ್ತಿರಲಿಲ್ಲ. "ನಾನು ಅಂದ್ರೆ ಯಾರು? ಈ ಭೂಮಿ ಮೇಲೆ ಇರೋರೆಲ್ಲ ನಾನೇ. ನಾನೂ ನಾನೇ. ಯಾವ ಮನೆಯಿಂದ ಮಾತಾಡ್ತಿದೀರಿ ಹೇಳಿ." ಒಮ್ಮೆ ಅವರ ಯಜಮಾನರು ಫೋನ್ ಮಾಡಿ "ನಾನು" ಎಂದಾಗಲೂ ಬಾಯಿತಪ್ಪಿ ಇದನ್ನೇ ಕೇಳಿ, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಇಷ್ಟು ಖಡಕ್ ಮನುಷ್ಯರಿಗೆ ಒಂದು ಮೆತ್ತನೆಯ ಜಾಗವಿತ್ತು. ಹಿರಿತನ. ಯಾವ ಮನೆಗಾದರೂ ಕಾಗದ ಬರೆಯುವಾಗ ಯಾರ ಹೆಸರು ಬರೆಯಬೇಕೆಂದು ಗೊತ್ತಾಗದಿದ್ದರೆ ನಾವು ಅವರನ್ನು ಕೇಳುತ್ತಿದ್ದೆವು. ಉತ್ತರ ಯಾವಾಗಲೂ ಒಂದೇ: "ಗೊತ್ತಿಲ್ಲದಿದ್ರೆ ಹಿರಿಯರ ಹೆಸರು ಹಾಕು. ಯಾರೂ ಬೇಜಾರು ಮಾಡ್ಕೊಳಲ್ಲ." ಮದುವೆ ಪತ್ರಿಕೆ ಹೊರಡುವುದೇ ಮನೆಯ ಹಿರಿಯರ ಹೆಸರಿನಲ್ಲಿ, ಅವರಿಗೆ ಅದು ಪ್ರಶ್ನೆಯೇ ಅಲ್ಲ. ಆ ಒಂದು ಮಾತು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೇ ನಾನು ಹೇಳಹೊರಟ ಕತೆ.

ನಮ್ಮ ಮೊದಲ ಮನೆ ಚಿಕ್ಕಬಾಣಾವರದ ಹತ್ತಿರದ ಒಬ್ಬ ಹಿರಿಯ ಗೌಡರದು. ಅವರ ತಮ್ಮನೂ ನಮ್ಮವನೇ, ಸ್ವಲ್ಪ ತಡವಾಗಿ ಬಂದವನು. ಅಣ್ಣನ ಛತ್ರ ರೈಲ್ವೆ ಗೇಟಿನ ಈಚೆ, ತಮ್ಮನದು ಆಚೆ. ಇಬ್ಬರಿಗೂ ಮಾತಿರಲಿಲ್ಲ. ಜಮೀನಿನ ಪಾಲು ಸಲೀಸಾಗಿ ಆಗಿತ್ತಂತೆ, ಪಾಲಾಗದೆ ಉಳಿದದ್ದು ಅಪ್ಪನ ಹೆಸರು. ಇಬ್ಬರಿಗೂ ಛತ್ರಕ್ಕೆ ಅದೇ ಬೇಕಿತ್ತು. ತಾನು ಹಿರಿಯವನೆಂದು ಅಣ್ಣ ಅದನ್ನು ಇಟ್ಟುಕೊಂಡರು. ತಮ್ಮನು ತಾಯಿಯ ಹೆಸರಿಟ್ಟು, ಅಣ್ಣನ ಜೊತೆ ಮಾತು ಬಿಟ್ಟ. ಹಾಗಿದ್ದರೂ ನಮ್ಮ ಸಾಫ್ಟ್‌ವೇರಿನೊಳಗೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದರು ಎಂದು ನೆನೆದು ಮೇಡಂ ಒಳಗೊಳಗೇ ಖುಷಿಪಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಮೇಡಂ ಎದುರುಮನೆಯವರು ಆಫೀಸಿಗೇ ಬಂದರು. ಅದೇ ಕಾರ್ಖಾನೆಯಿಂದ ನಿವೃತ್ತರಾದವರು, ಮಗಳ ಮದುವೆ. ಆ ಹುಡುಗಿ ಚಿಕ್ಕಂದಿನಿಂದ ಮೇಡಂ ಮನೆಯ ಜಗಲಿಯಲ್ಲಿ ಲೆಕ್ಕ ಕಲಿತವಳು. ತಮ್ಮನ ಛತ್ರ ಅಗ್ಗವೂ ಹೌದು, ಗಾಳಿ ಬೆಳಕೂ ಚೆನ್ನಾಗಿದೆ ಎಂದು ಮೇಡಂ ಅವರೇ ಹೇಳಿ, ನಮ್ಮ ವೆಬ್‌ಸೈಟಿನಲ್ಲೇ ಬುಕ್ ಮಾಡಿಸಿದ್ದರು. ಹುಡುಗಿಯ ಅಪ್ಪ ಪತ್ರಿಕೆಗೆ ಅರಿಶಿನ ಹಚ್ಚಿ ಕೊಟ್ಟು, "ಎಲ್ಲರಿಗೂ ಹಂಚಿ ಆಯ್ತು. ಹತ್ತಿರದವರಿಗೆ ಕೊನೇಲಿ ಕೊಡೋಣ ಅಂತ ನಿಮ್ಮದೊಂದು ಇಟ್ಕೊಂಡಿದ್ದೆ" ಎಂದರು.

ಮೇಡಂ ಪತ್ರಿಕೆ ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟರು. "ಇದೇನಿದು, ಅಣ್ಣನ ಛತ್ರದ ಹೆಸರಿದೆ?"

"ಯಾವ ಅಣ್ಣ?"

"ನೀವು ಬುಕ್ ಮಾಡಿದ್ದು ಗೇಟಿನ ಆಚೆ ಇರೋದು. ಇದರಲ್ಲಿ ಗೇಟಿನ ಈಚೆ ಇರೋದು ಹಾಕಿದೀರಲ್ಲ."

ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು. ಫೋನ್ ತೆಗೆದು ಬುಕಿಂಗ್ ಆದಾಗ ನಮ್ಮಿಂದ ಹೋಗಿದ್ದ ಮೆಸೇಜ್ ತೋರಿಸಿದರು. ಅದರಲ್ಲೂ ಅಣ್ಣನ ಛತ್ರದ ಹೆಸರೇ, ಅಣ್ಣನ ವಿಳಾಸವೇ. "ಪ್ರೆಸ್ಸಿನವನಿಗೆ ಇದನ್ನೇ ತೋರಿಸಿ, ಇದರಲ್ಲಿರೋ ಹಾಗೇ ಹಾಕಪ್ಪ ಅಂದೆ. ಯಾರಾದ್ರೂ ನೆಂಟರ ಹೆಸರು ಬಿಟ್ಟೋಗಿದ್ಯಾ ಅಂತ ನೋಡೋದ್ರಲ್ಲೇ ನಾನು ಇದ್ದೆ. ಬೀಗರೂ ನಮ್ಮದನ್ನೇ ನೋಡಿ ಅವರ ಪತ್ರಿಕೆ ಹೊಡೆಸಿದ್ರು." ಅವರ ದನಿ ಇಳಿಯುತ್ತಾ ಬಂತು. "ಈಗೇನು ಮಾಡೋದಮ್ಮ? ಬೀಗರ ಮುಂದೆ ನನ್ನ ಮರ್ಯಾದೆ ಏನಾಗುತ್ತೆ?"

ನಾನು ಅಣ್ಣನ ಮನೆಯ ತಾರೀಖು ತೆರೆದು ನೋಡಿದೆ. ಅದೇ ದಿನ ಅಲ್ಲೂ ಒಂದು ಮದುವೆ. ಈ ಹುಡುಗಿಯ ನೆಂಟರೆಲ್ಲ ಯಾರದೋ ಮದುವೆಗೆ ಹೋಗಿ, ಯಾರಿಗೋ ಮುಯ್ಯಿ ಕೊಟ್ಟು, ಊಟ ಮಾಡಿ, ಹೆಣ್ಣು ಸ್ವಲ್ಪ ಕಪ್ಪಗಾಗಿದ್ದಾಳಲ್ಲ ಎಂದು ಮಾತಾಡಿಕೊಂಡು ಊರಿಗೆ ಹೋಗುತ್ತಾರೆ. ಇತ್ತ ಈ ಹುಡುಗಿ ಖಾಲಿ ಕುರ್ಚಿಗಳ ಮುಂದೆ ಧಾರೆಗೆ ಕೂತಿರುತ್ತಾಳೆ.

ಮೇಡಂ ಕುರ್ಚಿಯಿಂದ ಎದ್ದು ನಿಂತರು. "ತಪ್ಪು ನಿಮ್ಮದಲ್ಲ. ನಂದು. ಆ ಭಾಗ ಬರೆದದ್ದು ನಾನೇ" ಎಂದರು. ಅಷ್ಟು ದಿನ ಅವರ ಜಂಬವನ್ನು ನೋಡಿದ್ದ ನನಗೆ, ಅದೇ ಜೋರಿನಲ್ಲಿ ತಪ್ಪನ್ನೂ ತಮ್ಮದೆನ್ನುತ್ತಾರೆಂದು ಅವತ್ತು ಗೊತ್ತಾಯಿತು.

ಆದದ್ದು ಇಷ್ಟು. ಯಾರಾದರೂ ಬಾಗಿಲಿಗೆ ಬಂದು ಕೂಗಿದಾಗ ಸಾಫ್ಟ್‌ವೇರಿಗೆ ಹೆಸರು ಕೇಳಿಸುತ್ತದೆ. ಆದರೆ ಬುಕಿಂಗ್ ಮೆಸೇಜ್ ಆಮೇಲೆ ತಾನಾಗಿ ಹೊರಡುವಂಥದ್ದು. ಆಗ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಯಾರೂ ಕೂಗದೆ ತಾನೇ ಮನೆಯಿಂದ ಹೊರಟಾಗ ತಾನು ಯಾವ ಮನೆಯವನೆಂದು ಅದಕ್ಕೆ ತಿಳಿಯುವುದಿಲ್ಲ. ಹಾಗೆ ತಿಳಿಯದಿದ್ದಾಗ ಏನು ಮಾಡಬೇಕೆಂದು ಮೇಡಂ ಬರೆದಿಟ್ಟಿದ್ದರು: ಗೊತ್ತಿಲ್ಲದಿದ್ದರೆ ಹಿರಿಯರ ಹೆಸರು. ನಮ್ಮ ಪಟ್ಟಿಯಲ್ಲಿ ಹಿರಿಯ ಮನೆಯೆಂದರೆ ಅಣ್ಣನದು. ಮೆಸೇಜ್ ಕಳಿಸುವುದನ್ನು ಆಗಷ್ಟೇ ಶುರು ಮಾಡಿದ್ದರಿಂದ ತಪ್ಪು ಹೆಸರಿನ ಮೆಸೇಜ್ ಹೋಗಿದ್ದವರು ಕೆಲವರೇ; ಅವರಿಗೆಲ್ಲ ಕೂತಲ್ಲಿಂದಲೇ ಫೋನ್ ಮಾಡಿ ತಿಳಿಸಿದೆವು. ಅವರು ಯಾರೂ ಇನ್ನೂ ಪತ್ರಿಕೆ ಹೊಡೆಸಿರಲಿಲ್ಲ. ಊಟದ ಹೊತ್ತಿಗೆ ಮೇಡಂ ಪ್ರೋಗ್ರಾಮನ್ನೂ ಸರಿಮಾಡಿದರು. ಇನ್ನುಮುಂದೆ ಒಂದೊಂದು ಮೆಸೇಜೂ ತಾನು ಯಾವ ಮನೆಯದೆಂದು ಕಟ್ಟಿಕೊಂಡೇ ಹೊರಡುತ್ತದೆ.

"ಇದು ಸರಿಯಾಯ್ತು. ಹಂಚಿದ ಪತ್ರಿಕೆನ ಹೆಂಗೇ ಸರಿ ಮಾಡೋದು?" ಎಂದರು. ಬನ್ನಿನ ವಾಸನೆ ಬಂದರೂ ಅವತ್ತು ಯಾರೂ ಏಳಲಿಲ್ಲ.

ಎಲ್ಲರಿಗೂ ಮೆಸೇಜ್ ಕಳಿಸೋಣ ಎಂದ ಬಾಸ್. ಅರ್ಧದಷ್ಟು ಜನರ ನಂಬರೇ ಹುಡುಗಿಯ ಅಪ್ಪನ ಬಳಿ ಇರಲಿಲ್ಲ; ಊರಿನವರಿಗೆ ಪತ್ರಿಕೆಯನ್ನು ಕೈಯಲ್ಲೇ ಕೊಟ್ಟು ಬಂದಿದ್ದರು. ಮೇಡಂ ಸ್ಕೇಲಿನಿಂದ ಮೇಜನ್ನು ತಟ್ಟುತ್ತಾ ಕೂತಿದ್ದವರು ಫಕ್ಕನೆ ನಿಲ್ಲಿಸಿದರು. "ವೆಬ್‌ಸೈಟು ವಿಳಾಸ ಬದಲಾಯಿಸಿದ್ರೆ ನಾವೇನ್ ಮಾಡ್ತೀವಿ? ಹಳೇ ಬಾಗಿಲಿಗೆ ಬಂದವರನ್ನ ಹೊಸ ಬಾಗಿಲಿಗೆ ಕಳಿಸ್ತೀವಿ ತಾನೇ? ಅದನ್ನೇ ಅಲ್ಲಿ ಮಾಡ್ಬೇಕು. ಅಣ್ಣನ ಗೇಟಲ್ಲಿ ಯಾರಾದ್ರೂ ನಿಂತು ತಮ್ಮನ ಛತ್ರಕ್ಕೆ ಕಳಿಸ್ಬೇಕು. ಏಳು, ಹೋಗೋಣ."

ಆಟೋದಲ್ಲಿ ಮೊದಲು ತಮ್ಮನ ಹತ್ತಿರ ಹೋದೆವು. ವಿಷಯ ಕೇಳಿ ಅವನ ಮುಖ ಗಂಟಾಯಿತು. "ಪಾಲಾಗಿ ಇಷ್ಟ್ ವರ್ಸ ಆದ್ರೂ ನಮ್ಮನೆ ಮದ್ವೇಗೂ ಅವನ ಎಸ್ರೇ ಆಕಿದೀರಲ್ಲಮ್ಮ. ನಾನೇನು ಅವನ ಆಳಾ?" ಮೇಡಂ ತಪ್ಪು ತಮ್ಮದೆಂದು ಇನ್ನೊಮ್ಮೆ ಹೇಳಿದರು. ಅಣ್ಣನ ಗೇಟಿನಲ್ಲಿ ಒಂದು ಬೋರ್ಡ್ ನಿಲ್ಲಿಸಬೇಕು, ಅವರನ್ನು ಒಂದು ಮಾತು ಕೇಳುತ್ತೀರಾ ಎಂದರು. "ಅವನು ಬುಡಲ್ಲ ಬುಡಿ. ನಾನಂತೂ ಕೇಳಲ್ಲ" ಎಂದು ಅವನು ಬೇರೆ ಕಡೆ ನೋಡಿದ. ಆದರೆ ನಾವು ಹೊರಡುವಾಗ ಹಿಂದಿನಿಂದ ಕೂಗಿ, "ಎಣ್ಣು ಎತ್ತ ಅಪ್ಪ ಏನಂತಾನೆ?" ಎಂದು ಕೇಳಿದ. ಅವನಿಗೂ ಹೆಣ್ಣುಮಕ್ಕಳಿದ್ದರು.

ಅಣ್ಣ ಗೇಟಿನ ಈಚೆ ತಮ್ಮದೇ ಛತ್ರದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ನನ್ ಚತ್ರದ ಮುಂದೆ ಬ್ಯಾರೆ ಚತ್ರದ ಎಸ್ರಾ? ಆಗಾಕಿಲ್ಲ" ಎಂದರು.

"ಬೇರೆ ಛತ್ರದ ಹೆಸರಲ್ಲ ಯಜಮಾನರೇ, ನಿಮ್ಮ ತಾಯಿ ಹೆಸರು" ಎಂದರು ಮೇಡಂ.

ಹಿರಿಯರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಅಲ್ಲಿಗೇ ಹಾಕಿಕೊಂಡರು. "ಅವ್ವನ ಎಸ್ರು ಬರ್ದು ಬೀದೀಲಿ ನಿಲ್ಸೋದು ಬ್ಯಾಡ" ಎಂದರು ಕಡೆಗೆ. "ಬೇಕಾರೆ ನಾನೇ ನಿಂತು ಬಾಯಲ್ಲಿ ಯೋಳ್ತೀನಿ. ಆದ್ರೆ ಅವ್ನು ಕೇಳ್ಬೇಕು."

ಕೇಳುವುದಿಲ್ಲ ಎಂದು ಅವನು ಆಗಲೇ ಹೇಳಿದ್ದ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಕಾಲು ತುಳಿದರು. ತಮ್ಮದೇ ಫೋನಿನಿಂದ ತಮ್ಮನಿಗೆ ಫೋನ್ ಮಾಡಿ, ರಿಂಗಾಗುತ್ತಿದ್ದಂತೆ ಅದನ್ನು ಅಣ್ಣನ ಕೈಗಿಟ್ಟರು. "ತಗೊಳ್ಳಿ. ಆಗಲ್ಲ ಅನ್ನೋದಾದ್ರೂ ನೀವೇ ಹೇಳಿ. ನನ್ನ ಬಾಯಲ್ಲಿ ಬೇಡ."

"ಯಾರು?" ಎಂದಿತು ಆ ಕಡೆಯ ದನಿ. ನಮಗೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ಹಳಿಯ ಮೇಲೂ ಅದರ ಸದ್ದು, ಫೋನಿನೊಳಗೂ ಅದೇ ಸದ್ದು. ಗೇಟಿನ ಆಚೆ ಈಚೆ ಇಬ್ಬರೂ ಫೋನ್ ಹಿಡಿದು ಅದು ದಾಟುವುದನ್ನು ಕಾದರು. ಕೊನೆಯ ಡಬ್ಬಿ ಹೋದಮೇಲೆ ಹಿರಿಯರು, "ನಾನು ಕಣ್ಲಾ" ಎಂದರು.

ನಾನು ಮೇಡಂ ಮುಖ ನೋಡಿದೆ. ಊರಿಗೆಲ್ಲ ನಾನು ಅಂದ್ರೆ ಯಾರು ಎಂದು ಕೇಳುತ್ತಿದ್ದವರು ಉಸಿರು ಬಿಗಿಹಿಡಿದು ನಿಂತಿದ್ದರು.

"ಯೋಳಣ್ಣ" ಎಂದಿತು ಫೋನು.

ಆಮೇಲೆ ಅವರಿಬ್ಬರು ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ಮೇಡಂ ನನ್ನ ತೋಳು ಹಿಡಿದು ರಸ್ತೆಯ ತನಕ ಎಳೆದುಕೊಂಡು ಹೋಗಿ ಕಬ್ಬಿನ ಹಾಲು ಕುಡಿಸಿದರು. ವಾಪಸ್ ಬರುವಾಗ ಆಟೋದಲ್ಲಿ, "ನಾನು ಅನ್ನೋದು ಎಲ್ಲಿ ಸಾಕು, ಎಲ್ಲಿ ಸಾಲದು ಅಂತ ಮಷೀನಿಗೆ ಹೇಳಿಕೊಡೋದು ಕಷ್ಟ ಕಣೇ" ಎಂದರು.

ಮದುವೆಯ ದಿನ ಹಿರಿಯರು ಗರಿಗರಿ ಪಂಚೆ ಉಟ್ಟು ತಮ್ಮದೇ ಛತ್ರದ ಗೇಟಿನಲ್ಲಿ ನಿಂತರು. ಪಕ್ಕದಲ್ಲಿ ಮೇಡಂ, ರೇಷ್ಮೆ ಸೀರೆಗೂ ಅದೇ ಕ್ಯಾನ್ವಾಸ್ ಶೂ. ಬಂದವರನ್ನೆಲ್ಲ ಹಿರಿಯರು ತಡೆದು, "ಯಾರ ಮದ್ವೆ? ಉಡುಗಿ ಎಸ್ರೇನು?" ಎಂದು ಕೇಳುತ್ತಿದ್ದರು. ಕೆಲವರು ಪತ್ರಿಕೆ ತೋರಿಸಿ ಜಗಳಕ್ಕೇ ನಿಂತರು: ಇದರಲ್ಲಿ ಇದೇ ಛತ್ರ ಅಂತ ಇದೆಯಲ್ಲ ಸ್ವಾಮಿ? "ಅದ್ರಲ್ಲಿ ಅಂಗೇ ಐತೆ. ಇರ್ಲಿ. ರೈಲ್ವೆ ಗೇಟ್ ದಾಟಿ ಎಡಕ್ಕೋಗಿ. ನಮ್ ತಮ್ಮಂದು." ಮೊದಮೊದಲು ಆ ಕೊನೆಯ ಮಾತನ್ನು ರಸ್ತೆ ಕಡೆ ನೋಡುತ್ತಾ ಹೇಳುತ್ತಿದ್ದರು. ಹೊತ್ತೇರುತ್ತಿದ್ದಂತೆ ಅದೇ ಮೊದಲು ಬರತೊಡಗಿತು. "ನಮ್ ತಮ್ಮನ ಚತ್ರ, ಓಗಿ, ಚೆನ್ನಾಗೈತೆ." ಹುರುಪಿನಲ್ಲಿ ತಮ್ಮದೇ ಛತ್ರದ ಮದುವೆಗೆ ಬಂದ ಒಂದು ಟೆಂಪೋ ನೆಂಟರನ್ನೂ ಆಚೆ ಕಳಿಸಿಬಿಟ್ಟರು. ಅವರು ತಿಂಡಿ ಮುಗಿಸಿಯೇ ವಾಪಸ್ ಬಂದರು.

ಧಾರೆಯ ಹೊತ್ತಿಗೆ ನಾನು ತಮ್ಮನ ಛತ್ರಕ್ಕೆ ಓಡಿಹೋಗಿ ನೋಡಿದೆ. ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹುಡುಗಿಯ ಅಪ್ಪ ನನ್ನನ್ನು ಕಂಡು ಕೈ ಮುಗಿದರು, ನನಗೆ ಕಣ್ಣು ತುಂಬಿತು. ಮಧ್ಯಾಹ್ನ ತಮ್ಮ ತಾನೇ ಸ್ಟೀಲ್ ಕ್ಯಾರಿಯರ್ ಹಿಡಿದುಕೊಂಡು ರೈಲ್ವೆ ಗೇಟ್ ದಾಟಿ ಬಂದ. ಅಣ್ಣನ ಛತ್ರದಲ್ಲಿ ಅವತ್ತು ಊಟಕ್ಕೇನು ಕಡಿಮೆ ಇರಲಿಲ್ಲ. ಆದರೂ ಅವರು ಗೇಟಿನ ಪಕ್ಕದ ಕುರ್ಚಿಯಲ್ಲೇ ಕೂತು ಕ್ಯಾರಿಯರ್ ಬಿಚ್ಚಿ ಉಂಡರು. "ಸಾರಿಗೆ ಉಪ್ಪು ಕಮ್ಮಿ" ಎಂದರು. ತಮ್ಮ ಇನ್ನೊಂದು ಸೌಟು ಬಡಿಸಿದ.

ಆಮೇಲೆ ಮೇಡಂ ಬದಲಾದರೆಂದೇನೂ ಅಲ್ಲ. ಮಾರನೆಯ ದಿನವೇ ನನ್ನ ಬೆರಳಿಗೆ ಸ್ಕೇಲಿನ ಏಟು ಬಿತ್ತು. ತಮ್ಮ ತಪ್ಪಿನ ಕತೆಯನ್ನು ಮಾತ್ರ ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದರು, ಪ್ರತಿ ಸಲವೂ ಆ ಟೆಂಪೋದಲ್ಲಿ ನಾಲ್ಕು ಜನ ಜಾಸ್ತಿಯಾಗುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಒಂದು ತೊಡಕು ಬಂತು. ಗಂಡಿನ ಮನೆಯವರಿಗೂ ಹೊಸ ಹೆಸರಿಡುವ ಪದ್ಧತಿ. ನನಗೆ ಅದು ಸುತರಾಂ ಇಷ್ಟವಿರಲಿಲ್ಲ. ಮೇಡಂ ಹತ್ತಿರ ಹೋಗಿ ಗೊಣಗಿದೆ. ಬೇಡವೆಂದು ಹೇಳಿಬಿಡು ಎನ್ನುತ್ತಾರೆಂದುಕೊಂಡಿದ್ದೆ. ಅವರು ಬಿಳಿ ಬೋರ್ಡಿನ ಕಡೆ ಸ್ಕೇಲು ತೋರಿಸಿದರು. ಅವರು ಬರೆದ ಒಲೆಯ ಚಿತ್ರವನ್ನು ಯಾರೂ ಅಳಿಸಿರಲಿಲ್ಲ.

"ಬೇಡ ಅನ್ನಿಸಿದ್ರೆ ಬೇಡ ಅನ್ನು, ಯಾರೂ ನಿನ್ನ ಕಟ್ಟಿಹಾಕಲ್ಲ. ಹೂಂ ಅಂದ್ರೂ ಪರವಾಗಿಲ್ಲ. ಬಾಗಿಲು ಎಷ್ಟಾದ್ರೂ ಇರ್ಲಿ ಕಣೇ, ಒಳಗೆ ಒಲೆ ಒಂದೇ ಇರ್ಬೇಕು. ನಂದು ಆರಿಲ್ಲ ನೋಡು."

ನಾನು ಹೂಂ ಅಂದೆ. ಅತ್ತೆ ಮನೆಯಲ್ಲಿ ನನಗೆ ಈಗ ಬೇರೆ ಹೆಸರು. ಕರೆದರೆ ಓಗೊಡುತ್ತೇನೆ, ಸಂಕಟವೇನಿಲ್ಲ.

ಕಣ್ಣಿನ ಆಪರೇಷನ್ ಆದಮೇಲೆ ಮೇಡಂ ಆಫೀಸಿಗೆ ಬರುವುದನ್ನು ನಿಲ್ಲಿಸಿದರು. ಬೀಳ್ಕೊಡುಗೆಯ ದಿನ ಸ್ಕೇಲನ್ನು ನೆನಪಿಗಾಗಿ ಬಿಟ್ಟುಹೋಗಿ ಎಂದೆವು. "ಫ್ಯಾಕ್ಟರಿದು, ನಾನು ಕೊಡೋ ಹಾಗಿಲ್ಲ" ಎಂದು ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮನೆ ಬದಲಾಯಿಸಿದರು, ನಂಬರೂ ಬದಲಾಯಿತು. ನಮ್ಮ ಆಫೀಸು ಬೇಕರಿ ಬಿಟ್ಟು ಪೀಣ್ಯಕ್ಕೆ ಹೋಯಿತು. ನನಗೆ ಮಗುವಾಯಿತು. ಮಾತಾಡಬೇಕು ಮಾತಾಡಬೇಕು ಎನ್ನುತ್ತಲೇ ವರ್ಷಗಳು ಕಳೆದವು.

ಹಳೆಯ ಸಾಫ್ಟ್‌ವೇರ್ ನಿಲ್ಲಿಸುವಾಗ ಕೊನೆಗೆ ಉಳಿದವು ಆ ಅಣ್ಣತಮ್ಮಂದಿರ ಎರಡು ಮನೆ. ಈಗ ಅಣ್ಣನ ಮಗಳು, ತಮ್ಮನ ಮಗ ಸೇರಿ ಎರಡೂ ಛತ್ರ ನಡೆಸುತ್ತಾರೆ. ಹೊಸ ಹೆಸರು, ಹೊಸ ವೆಬ್‌ಸೈಟ್ ಬೇಕೆಂದರು. ಹಳೆಯ ಎರಡು ವಿಳಾಸಗಳನ್ನು ಮುಚ್ಚಿಬಿಡಿ ಎಂದೂ ಹೇಳಿದ್ದರು. ಅದಾದ ಮೇಲೆ ಒಂದು ಬೆಳಿಗ್ಗೆ ಹಿರಿಯರೇ ಕಂಬಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ತುಂಬ ವಯಸ್ಸಾಗಿತ್ತು. ಕೂತು, ನೀರು ಕುಡಿದು, ಹೇಳಿದರು:

"ಅಳೇ ಎಸ್ರು ಮುಚ್ಚಬ್ಯಾಡ ಕಣವ್ವ. ಅಪ್ಪನ ಎಸ್ರು ಇಡ್ಕೊಂಡು ಬರೋರು ಇರ್ತಾರೆ, ಅವ್ವನ ಎಸ್ರು ಇಡ್ಕೊಂಡು ಬರೋರೂ ಇರ್ತಾರೆ. ಬಾಗ್ಲಲ್ಲಿ ಯಾರಾರ ನಿಂತು ಯೋಳ್ಬೇಕಲ್ವಾ, ಇಂಗೋಗಿ ಅಂತ? ನನ್ಗೀಗ ನಿಲ್ಲಾಕಾಗಲ್ಲ."

ಅವರ ಎದುರಿಗೇ ಕೂತು ಆ ಕೆಲಸ ಮಾಡಿದೆ. ಈಗ ಅಪ್ಪನ ಹೆಸರು ಟೈಪ್ ಮಾಡಿದರೂ, ಅವ್ವನ ಹೆಸರು ಟೈಪ್ ಮಾಡಿದರೂ ಹೊಸ ಮನೆಯ ಬಾಗಿಲೇ ತೆರೆಯುತ್ತದೆ. ಹಿರಿಯರು ಎರಡನ್ನೂ ಒಂದೊಂದು ಸಲ ಮಾಡಿಸಿ ನೋಡಿ, ತಲೆದೂಗಿ ಎದ್ದರು.

ಅವರು ಹೋದಮೇಲೆ ಮದುವೆಯಾದ ಆ ಹುಡುಗಿಯ ಅಪ್ಪನಿಂದ ಮೇಡಂ ನಂಬರ್ ಹುಡುಕಿ ತೆಗೆದೆ. ನನ್ನ ನಂಬರೂ ಹಳೆಯದಲ್ಲ, ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ರಿಂಗಾಯಿತು. ತೆಗೆದರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಯಾರು?"

ಹೆಸರು ಹೇಳಬೇಕೆಂದೇ ಇದ್ದೆ. ಯಾವ ಮನೆಯಿಂದ ಮಾತಾಡುತ್ತಿದ್ದೇನೆ, ಯಾವ ಊರು, ಎಲ್ಲ ಹೇಳಬೇಕೆಂದಿದ್ದೆ. ಅವರ ಕೈಕೆಳಗೆ ಅಷ್ಟು ವರ್ಷ ಕೆಲಸ ಮಾಡಿದವಳು. ಆದರೆ ದನಿ ಕೇಳುತ್ತಲೇ ಬಾಯಿಗೆ ಬಂದದ್ದು ಅದೊಂದೇ.

"ನಾನು, ಮೇಡಂ."

ಆಡಿದಮೇಲೆ ನಾಲಿಗೆ ಕಚ್ಚಿಕೊಂಡೆ. ಬೈಗುಳಕ್ಕೆ ಕಾದೆ. ಕುಕ್ಕರ್ ಇನ್ನೊಮ್ಮೆ ಕೂಗಿ ಸುಮ್ಮನಾಯಿತು. ಅವರು ಒಲೆ ಆರಿಸಿದ ಸದ್ದು ಕೇಳಿಸಿತು.

"ಹೇಳೇ" ಎಂದರು.